ಸಹಾಯ ಬೇಕು: ಮೊದಲ ಲಾಂಗ್‌ಬೋರ್ಡ್‌ಗೆ ಒಂದೇ ಫಿನ್ ಸಾಕೇ, ಮೂರು ಬೇಕೇ?

ನಮಸ್ಕಾರ. ಮೂಲ್ಕಿ ಸಮೀಪದ ಸಸಿಹಿತ್ಲು ಕಡಲತೀರದಲ್ಲಿ ಸರ್ಫಿಂಗ್ ಕಲಿಯುತ್ತಿದ್ದೇನೆ. ಇದುವರೆಗೆ ಬಾಡಿಗೆಯ ಫೋಮ್ ಬೋರ್ಡ್ ಬಳಸುತ್ತಿದ್ದೆ. ಈಗ ನನ್ನದೇ 9 ಅಡಿಯ ಲಾಂಗ್‌ಬೋರ್ಡ್ ಬಂದಿದೆ, ಸಂತೋಷ ಹೇಳತೀರದು! ತಳದ ನಡುವೆ ಫಿನ್ (ಬೋರ್ಡ್ ದಿಕ್ಕು ತಪ್ಪದಂತೆ ಹಿಡಿಯುವ, ಮೀನಿನ ರೆಕ್ಕೆಯಂಥ ತುಂಡು) ಕೂರಿಸುವ ಉದ್ದನೆಯ ಸೀಳು, ಅಂದರೆ ಫಿನ್ ಬಾಕ್ಸ್ ಇದೆ; ಇಕ್ಕೆಲಗಳಲ್ಲಿ ಚಿಕ್ಕ ಫಿನ್‌ಗಳಿಗೂ ಜಾಗವಿದೆ. ಆದರೆ ಫಿನ್‌ಗಳನ್ನು ಬೇರೆಯಾಗಿ ಕೊಳ್ಳಬೇಕು.

ಬೋರ್ಡ್ ಎಷ್ಟು ಅಡಿಯೋ ಒಂಟಿ ಫಿನ್ ಸುಮಾರು ಅಷ್ಟು ಅಂಗುಲ ಎಂಬುದು ರೂಢಿಯ ಲೆಕ್ಕ; ಅಂದರೆ ನನಗೆ 9 ಅಂಗುಲ. ಮೂರು ಹಾಕಿದರೆ ನಡುವಿನದು 7 ಅಂಗುಲದ ಆಸುಪಾಸಿಗೆ ಇಳಿಯುತ್ತದೆ, ಪಕ್ಕದವು ತಿರುವಿನಲ್ಲಿ ಹೆಚ್ಚಿನ ಹಿಡಿತ ಕೊಡುತ್ತವೆ. ನಾನು ಇನ್ನೂ ನೊರೆಯಲೆಯ ಮೇಲೆ ದಡದತ್ತ ನೇರವಾಗಿ ಸಾಗುವವಳು. ತಿರುವುಗಳಿಗೆ ಅವಸರವಿಲ್ಲ. ಹಾಗಾಗಿ ಒಂಟಿ ಫಿನ್ನಿನತ್ತಲೇ ಮನಸ್ಸು ವಾಲಿದೆ, ಅದನ್ನು ಬಾಕ್ಸಿನ ಹಿಂದಕ್ಕೆ ಸರಿಸಿ ಕೂರಿಸಿದರೆ ಬೋರ್ಡ್ ಹೆಚ್ಚು ಸ್ಥಿರವಾಗಿರುತ್ತದೆ ಎಂಬ ಲೆಕ್ಕಾಚಾರ.

ಚಿಂತೆಯಿರುವುದು ಆಳದ ಬಗ್ಗೆ. ದಡದ ಹತ್ತಿರ ನೀರು ಮೊಣಕಾಲಿಗಿಂತ ಕೆಳಗಿರುವಾಗ ಉದ್ದನೆಯ ಫಿನ್ ಮರಳಿಗೆ ತಗುಲಿ ಬಾಕ್ಸ್ ಬಿರುಕು ಬಿಟ್ಟರೆ? ನಮ್ಮ ಕರಾವಳಿಯ ಮರಳು ತಳದಲ್ಲಿ ಲಾಂಗ್‌ಬೋರ್ಡ್ ಓಡಿಸುವವರು ದಯವಿಟ್ಟು ತಿಳಿಸಿ: 8 ಅಂಗುಲಕ್ಕೆ ಇಳಿಯುವುದು ಒಳ್ಳೆಯದೇ? ಬಾಗುವ ಪ್ಲಾಸ್ಟಿಕ್ ಫಿನ್ ಸಾಕೇ, ಫೈಬರ್‌ಗ್ಲಾಸ್‌ಗೇ ಹಣ ಹಾಕಲೇ?