ಸಹಾಯ ಬೇಕು: ಕಲ್ಲು ಕ್ವಾರಿಯ ಪರಿಸರ ಅನುಮತಿಯನ್ನು ಪ್ರಶ್ನಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಚಿಕ್ಕಬಳ್ಳಾಪುರ ತಾಲ್ಲೂಕಿನ ನಮ್ಮೂರ ಗುಡ್ಡವನ್ನು ಅರ್ಧ ಒಡೆದ ಮೇಲೆ ಕ್ವಾರಿಗೆ ಪರಿಸರ ಅನುಮತಿ ಸಿಕ್ಕಿದೆ. ಕೆಲಸ ಶುರುವಾದ ಮೇಲೆ ಕೊಡುವ ಇಂಥ ಅನುಮತಿ ಕೂಡದೆಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ವನಶಕ್ತಿ ಎಂಬ ಸಂಸ್ಥೆಯ ಪ್ರಕರಣದಲ್ಲಿ ಹೇಳಿತ್ತು; ನವೆಂಬರ್‌ನಲ್ಲಿ 2–1ರ ಬಹುಮತದಿಂದ ಆ ತೀರ್ಪನ್ನೇ ಹಿಂಪಡೆಯಿತು. ನ್ಯಾಯಮೂರ್ತಿ ಉಜ್ಜಲ್ ಭುಯಾನ್ ಅವರ ಭಿನ್ನಮತವೇ ನನಗೆ ಸರಿ ಎನಿಸುತ್ತದೆ, ಆದರೆ ನನ್ನ ಒಪ್ಪಿಗೆಯನ್ನು ಯಾರು ಕೇಳುತ್ತಾರೆ!

ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠಕ್ಕೆ ಮೇಲ್ಮನವಿ ಸಲ್ಲಿಸಲು 30 ದಿನ. ತಡಕ್ಕೆ ತಕ್ಕ ಕಾರಣವಿದ್ದರೆ ಇನ್ನೂ 60 ದಿನದವರೆಗೆ. ಈ ಲೆಕ್ಕ ಆದೇಶ ಜಾಲತಾಣದಲ್ಲಿ ಬಂದ ದಿನದಿಂದಲೋ, ಅದರ ಪ್ರತಿ ನಮ್ಮ ಕೈಸೇರಿದ ದಿನದಿಂದಲೋ? ಮಾಹಿತಿ ಹಕ್ಕಿನಲ್ಲಿ ಪ್ರತಿ ಕೇಳಿದರೆ ಉತ್ತರಕ್ಕೇ 30 ದಿನ ಹೋಗುತ್ತದೆ. ಪಂಚಾಯಿತಿಯಲ್ಲಿ ಪ್ರತಿ ಸಿಗುತ್ತದೆಯೇ? ವಕೀಲರಿಲ್ಲದೆ ತಾವೇ ವಾದಿಸಿದವರಿದ್ದರೆ ದಯವಿಟ್ಟು ತಿಳಿಸಿ.