ಅಪ್ಪಂಗೆ ಡಿಬಿಎಸ್ ಆಪರೇಷನ್ ಅಂತಿದಾರೆ, ಯಾರಾದ್ರೂ ಮಾಡ್ಸಿದೀರಾ?

ಮಲ್ನಾಡ್_ಹುಡ್ಗ:
ಅಪ್ಪಂಗೆ 63, ಪಾರ್ಕಿನ್ಸನ್ಸ್ (ಕೈಕಾಲು ನಡುಗೋ ಕಾಯಿಲೆ) ಬಂದು 9 ವರ್ಷ. ಮೊದ್ಲು ಬೆಳಿಗ್ಗೆ ಒಂದು ಸಿಂಡೋಪಾ ಮಾತ್ರೆ ತಗೊಂಡ್ರೆ ಮಧ್ಯಾಹ್ನದ ತನಕ ತೋಟದ ಕಡೆ ಓಡಾಡ್ಕೊಂಡು ಆರಾಮಾಗಿ ಇರೋರು, ಈಗ ತಗೊಂಡ ಎರಡೇ ಗಂಟೆಲಿ ಮಾತ್ರೆ ಪವರ್ ಇಳಿದು ಕೈ ನಡುಗಕ್ಕೆ ಶುರು, ಕಾಫಿ ಲೋಟ ಬಾಯಿ ಹತ್ರ ಹೋಗೋಷ್ಟ್ರಲ್ಲಿ ಅರ್ಧ ಪಂಚೆ ಮೇಲೆ. ಡಾಕ್ಟ್ರು ಡಿಬಿಎಸ್ (ಡೀಪ್ ಬ್ರೈನ್ ಸ್ಟಿಮ್ಯುಲೇಷನ್) ಅಂದ್ರು, ತಲೆ ಒಳಗೆ ವೈರ್ ಇಟ್ಟು ಕರೆಂಟ್ ಕೊಡೋದಂತೆ. ಅಮ್ಮ ಕೇಳಿದ್ದೇ ತಡ ಬೇಡವೇ ಬೇಡ ಅಂತ ಕೂತಿದಾರೆ. ಇದು ಆ ಎಲಾನ್ ಮಸ್ಕ್ ಮೆದುಳಿಗೆ ಹಾಕೋ ಚಿಪ್ ಥರಾನೇನಾ?

ಬೋರ್ಡ್_ರಿಪೇರಿ:
ಅದೇ ಬೇರೆ ಇದೇ ಬೇರೆ ಗುರು. ಮಸ್ಕ್ ಕಂಪನಿ ನ್ಯೂರಾಲಿಂಕ್ ಆ ಚಿಪ್ ಮೊದಲ ಸಲ ಮನುಷ್ಯಂಗೆ ಹಾಕಿದ್ದೇ 2024 ಜನವರಿಲಿ, ಅದು ಮೆದುಳಿನ ಸಿಗ್ನಲ್ ಓದೋದು, ಕೈಕಾಲು ಆಡದೋರು ಮನಸಲ್ಲೇ ಕರ್ಸರ್ ಓಡ್ಸಕ್ಕೆ. ಮಾಮೂಲಿ ಡಿಬಿಎಸ್ ಕೆಲಸ ಕರೆಂಟ್ ಕೊಡೋದು, ಸೆಕೆಂಡಿಗೆ 130 ಸಲದ ಹತ್ರ ಸಣ್ಣ ಸಣ್ಣ ಪಲ್ಸ್. 1987ರಲ್ಲಿ ಫ್ರಾನ್ಸಿನ ಗ್ರೆನೋಬಲ್‌ನಲ್ಲಿ ಬೆನಾಬಿಡ್ ಅನ್ನೋ ಸರ್ಜನ್, ಆಗೆಲ್ಲ ನಡುಕಕ್ಕೆ ಮೆದುಳಲ್ಲಿ ಆ ಜಾಗಾನೇ ಸುಡ್ತಿದ್ರು, ಸುಡೋಕ್ ಮುಂಚೆ ಜಾಗ ಸರಿ ಇದ್ಯಾ ಅಂತ ಕರೆಂಟ್ ಕೊಟ್ಟು ನೋಡ್ತಿದ್ದಾಗ ಫ್ರೀಕ್ವೆನ್ಸಿ ಜಾಸ್ತಿ ಮಾಡಿದ್ರೆ ನಡುಕಾನೇ ನಿಂತೋಯ್ತು. ಸರಿ ಸುಡೋದ್ಯಾಕೆ, ವೈರ್ ಅಲ್ಲೇ ಬಿಡೋಣ ಅಂತ ಶುರುವಾಗಿದ್ದು.

ಧಾರವಾಡದಾಕಿ:
ನಮ್ಮ ಮಾವನೋರಿಗೆ ಮಾಡ್ಸೇವ್ರಿ, ಮೂರು ವರ್ಷ ಆತು. ಎಚ್ಚರ ಇಟ್ಟ ಮಾಡಿದ್ರು, ಮೆದುಳಿಗೆ ನೋವು ಗೊತ್ತಾಗಂಗಿಲ್ರಿ. ಟೇಬಲ್ ಮ್ಯಾಲೆ ಪೆನ್ ಕೊಟ್ಟು ಸುರುಳಿ ತಗೀರಿ ಅಂದ್ರಂತ, ಮೊದಲ ಕೋಳಿ ಕೆದರಿದಂಗ ಇತ್ತು, ಕರೆಂಟ್ ಬಿಟ್ಟ ಮ್ಯಾಲೆ ಚಕ್ಕಲಿ ಒತ್ತಿದಂಗ ದುಂಡಗ ಬಂದೈತಿ, ಆ ಹಾಳಿ ಇನ್ನೂ ಕಪಾಟಿನ್ಯಾಗ ಇಟ್ಟಾರ. ಆದ್ರ ಮನಿಗೆ ಬಂದಕೂಡ್ಲೇ ಎಲ್ಲಾ ಸರಿ ಆಗಂಗಿಲ್ರಿ, ಕರೆಂಟ್ ಸೆಟ್ಟಿಂಗ್ ಕೂಡಿಸಾಕ ನಾಲ್ಕು ತಿಂಗಳ ಓಡಾಡೇವಿ. ಮಾತು ಈಗೂ ಸ್ವಲ್ಪ ತೊದಲತೈತಿ.

ನಿದ್ದೆಗೆಟ್ಟೋನು:
ಒಂದು ವಿಷ್ಯ ಕೇಳ್ಕೊಳಿ. ಮಾತ್ರೆ ಕೆಲಸ ಮಾಡ್ವಾಗ ಅಪ್ಪ ಚೆನ್ನಾಗಿದ್ರೆ ಡಿಬಿಎಸ್ಸೂ ಸಾಮಾನ್ಯವಾಗಿ ಹಿಡಿಯುತ್ತೆ, ಮಾತ್ರೆ ಫುಲ್ ಪವರ್ ಇರುವಾಗ್ಲೂ ಬ್ಯಾಲೆನ್ಸ್ ತಪ್ಪಿ ಬೀಳ್ತಿದ್ರೆ ಅದಕ್ಕೆ ಜಾಸ್ತಿ ಆಸೆ ಇಟ್ಕೋಬೇಡಿ. ರಕ್ತಸ್ರಾವ, ಇನ್ಫೆಕ್ಷನ್ ರಿಸ್ಕ್ ಕಮ್ಮಿ, ಇಲ್ಲ ಅಂತಲ್ಲ. ಕಾಯಿಲೆ ವಾಸಿ ಆಗಲ್ಲ.

ಮಲ್ನಾಡ್_ಹುಡ್ಗ:
ಥ್ಯಾಂಕ್ಸ್ ಎಲ್ರಿಗೂ. ಅಮ್ಮಂಗೆ ಚಕ್ಕಲಿ ಕಥೆ ಓದಿ ಹೇಳ್ದೆ, ಸ್ವಲ್ಪ ಮೆತ್ತಗಾದ್ರು. ಈಗ ಬ್ಯಾಟರಿ ಮುಗಿದ್ರೆ ಮತ್ತೆ ತಲೆ ಓಪನ್ ಮಾಡ್ತಾರಾ ಅಂತಿದಾರೆ.

ಧಾರವಾಡದಾಕಿ:
ಇಲ್ರೀ, ಬ್ಯಾಟರಿ ಎದಿ ಮ್ಯಾಲೆ ಚರ್ಮದ ಒಳಗ ಇರ್ತೈತಿ, ಅಲ್ಲೇ ಸಣ್ಣಂಗ ಕೊಯ್ದು ಬದಲಿ ಮಾಡ್ತಾರ. ಮಾವನೋರದು ಚಾರ್ಜ್ ಮಾಡೋದು, ಟಿವಿ ಮುಂದ ಕುಂತು ಬೆಲ್ಟ್ ಕಟ್ಕೊಂಡು ಧಾರಾವಾಹಿ ಮುಗಿಯೂತನಾ ಹಚ್ಚಿರ್ತಾರ.