ಗ್ರೂಪ್ ಫೋಟೋದಲ್ಲಿ ಹಿಂದಿನ ಸಾಲು ಮಸುಕು: ಡೆಪ್ತ್ ಆಫ್ ಫೀಲ್ಡ್ (ಫೋಟೋದಲ್ಲಿ ಶಾರ್ಪ್ ಕಾಣುವ ಆಳ) ಬಗ್ಗೆ ನಿಮ್ಮ ಅನುಭವ ಹೇಳಿ

ಕೇಳಿದವರು: ಕ್ರಾಪ್ ಸೆನ್ಸರ್ (ಚಿಕ್ಕ ಸೆನ್ಸರಿನ) ಕ್ಯಾಮೆರಾಗೆ ಹೊಸದಾಗಿ 50 ಎಂಎಂ ಎಫ್/1.8 ಲೆನ್ಸ್ ತಗೊಂಡೆ. ಒಬ್ಬೊಬ್ಬರ ಫೋಟೋ ತುಂಬಾ ಚೆನ್ನಾಗಿ ಬರುತ್ತೆ. ಅಕ್ಕನ ಮದುವೆಯ ಗ್ರೂಪ್ ಫೋಟೋದಲ್ಲಿ ಮಾತ್ರ ಕೂತವರು ಶಾರ್ಪ್, ಹಿಂದೆ ನಿಂತವರು ಮಸುಕು. ಲೆನ್ಸಿನ ದೋಷವೇ? ಎಫ್ ನಂಬರ್ (ಲೆನ್ಸಿನ ಕಿಂಡಿಯ ಅಳತೆ) ಎಷ್ಟಿಡಬೇಕು?

ಮದುವೆ ಫೋಟೋ ತೆಗೆಯುವವರು: ಲೆನ್ಸ್ ಸರಿಯಾಗೇ ಇದೆ. 5 ಮೀಟರ್ ದೂರದಿಂದ ಎಫ್/1.8ರಲ್ಲಿ ತೆಗೆದರೆ, ಫೋಕಸ್ ಆದ ಮುಖದ ಹಿಂದೆ 40 ಸೆಂ.ಮೀ.ನಷ್ಟು ಮಾತ್ರ ಶಾರ್ಪ್ ಇರುತ್ತೆ. ಕುರ್ಚಿ ಹಿಂದೆ ನಿಂತವರು ಅದರಾಚೆ ಹೋಗಿಬಿಡ್ತಾರೆ. ಅದೇ ಜಾಗದಲ್ಲಿ ನಿಂತು ಎಫ್/5.6 ಇಡಿ (ನಂಬರ್ ಹೆಚ್ಚಾದಷ್ಟೂ ಕಿಂಡಿ ಕಿರಿದು, ಆಳ ಹೆಚ್ಚು), ಒಟ್ಟು 2 ಮೀಟರಿಗೂ ಹೆಚ್ಚು ಸಿಗುತ್ತೆ. ಮೂರು ಸಾಲಿದ್ದರೆ ನಡುವಿನ ಸಾಲಿಗೆ ಫೋಕಸ್ ಮಾಡಿ. ಕಿಂಡಿ ಕಿರಿದಾದರೆ ಛತ್ರದಲ್ಲಿ ಬೆಳಕು ಸಾಲಲ್ಲ, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸಂವೇದನೆ) 3200ಕ್ಕೆ ಧೈರ್ಯವಾಗಿ ಏರಿಸಿ. ನಾಯ್ಸ್ (ಚಿತ್ರದಲ್ಲಿ ಕಾಣುವ ಚುಕ್ಕೆಚುಕ್ಕೆ) ಆಮೇಲೆ ಕಡಿಮೆ ಮಾಡಬಹುದು. ಅಜ್ಜಿಯ ಮುಖವೇ ಮಸುಕಾದರೆ ಯಾವ ಸಾಫ್ಟ್‌ವೇರೂ ಅದನ್ನು ಇದ್ದ ಹಾಗೆ ಮರಳಿ ಕೊಡಲ್ಲ. ಜನ ಊಟಕ್ಕೆ ಏಳುವ ಮೊದಲೇ ಸ್ಕ್ರೀನಿನಲ್ಲಿ ಝೂಮ್ ಮಾಡಿ ಹಿಂದಿನವರ ಕಣ್ಣು ನೋಡಿಬಿಡಿ.

ಮ್ಯಾಕ್ರೋ ಹುಚ್ಚಿನವರು: ಎಲ್ಲರೂ ಎಫ್ ನಂಬರ್ ಹಿಂದೆ ಬೀಳ್ತಾರೆ, ದೂರದ ಕೈವಾಡ ಅದಕ್ಕಿಂತ ದೊಡ್ಡದು. ನಿಮ್ಮ ಲೆನ್ಸಿನಲ್ಲೇ ಎಫ್/1.8 ಇಟ್ಟು ನೋಡಿ: 1 ಮೀಟರಿನಲ್ಲಿ ಶಾರ್ಪ್ ಆಳ 3 ಸೆಂ.ಮೀ.ಗೂ ಕಡಿಮೆ, 2 ಮೀಟರಿಗೆ ಸರಿದರೆ ಸುಮಾರು 11. ದೂರ ಎರಡು ಪಟ್ಟಾದರೆ ಆಳ ಹತ್ತಿರ ಹತ್ತಿರ ನಾಲ್ಕು ಪಟ್ಟು. ಮಳೆಗಾಲದಲ್ಲಿ ಮಲೆನಾಡಿನಲ್ಲಿ ಚಿಟ್ಟೆ, ಕಪ್ಪೆ ತೆಗೆಯುವಾಗ ನಮ್ಮ ಪಾಡು ಇನ್ನೂ ಕಷ್ಟ. 1:1 ಅಳತೆಯಲ್ಲಿ (ಸೆನ್ಸರಿನ ಮೇಲೆ ವಸ್ತುವಿನಷ್ಟೇ ದೊಡ್ಡ ಚಿತ್ರ) ಎಫ್/11 ಇಟ್ಟರೂ 1 ಮಿ.ಮೀ. ಆಳ ಸಿಗಲ್ಲ. ಎಫ್/22ಕ್ಕೆ ಹೋದರೆ, ಕಿರಿದಾದ ಕಿಂಡಿಯಲ್ಲಿ ಬೆಳಕು ಹರಡುವ ಡಿಫ್ರಾಕ್ಷನ್‌ನಿಂದ ಇಡೀ ಚಿತ್ರವೇ ಮೆತ್ತಗಾಗುತ್ತೆ. ಹಾಗಾಗಿ ಚಿಟ್ಟೆ ರೆಕ್ಕೆ ಮಡಚಿ ಕೂತಾಗ ಕ್ಯಾಮೆರಾವನ್ನು ರೆಕ್ಕೆಗೆ ಸಮಾನಾಂತರವಾಗಿ ಹಿಡೀತೇವೆ, ಇರುವಷ್ಟು ಆಳದೊಳಗೇ ಇಡೀ ರೆಕ್ಕೆ ಬಂದುಬಿಡುತ್ತೆ. ನಿಮಗೂ ಇದು ಅನ್ವಯಿಸುತ್ತೆ: ಸಾಲುಗಳನ್ನು ಒತ್ತಾಗಿ ನಿಲ್ಲಿಸಿ, ಒಂದು ಹೆಜ್ಜೆ ಹಿಂದೆ ಸರಿಯಿರಿ.

ದೇವಸ್ಥಾನಗಳ ಫೋಟೋ ತೆಗೆಯುವವರು: ಹಳೇಬೀಡಿನ ಹೊಯ್ಸಳೇಶ್ವರದ ಗೋಡೆಯುದ್ದಕ್ಕೂ ಸಾಗುವ ಆನೆಗಳ ಪಟ್ಟಿಕೆಯನ್ನು ಓರೆಯಾಗಿ ತೆಗೆಯುವಾಗ ನನಗೆ ಕ್ಯಾಮೆರಾ ಜೊತೆಗೇ ಬರುವ ಕಿಟ್ ಲೆನ್ಸೇ ಸಾಕು. 18 ಎಂಎಂ, ಎಫ್/8, ಫೋಕಸ್ 2 ಮೀಟರಿಗೆ. ಆಗ 1 ಮೀಟರಿನಿಂದ ಕಣ್ಣು ಹಾಯುವವರೆಗೂ ಶಾರ್ಪ್. ತೀರಾ ದೂರದ ಆನೆಗೆ ಫೋಕಸ್ ಮಾಡಿದರೆ ಹತ್ತಿರದ ಕೆತ್ತನೆ ಕೈತಪ್ಪುತ್ತೆ. ಅಲ್ಲಿ ಟ್ರೈಪಾಡ್ ಬಳಸಲು ಪುರಾತತ್ವ ಇಲಾಖೆಯ ಅನುಮತಿ ಬೇಕು, ಆದರೆ 18 ಎಂಎಂನಲ್ಲಿ 1/30 ಸೆಕೆಂಡಿನವರೆಗೂ ಕೈಯಲ್ಲೇ ಹಿಡಿದು ತೆಗೆಯಬಹುದು.